ತಿಜೋರಿಯೊಳಗಿಟ್ಟ ಸೋಲಾರ್ ವಾಚು

"ಅಕ್ಕಾ, ನೀ ಕೊಟ್ಟ ವಾಚು ನನ್ನ ಕ್ಲಾಸು ನುಂಗಿಬಿಡ್ತು!"

ಕಳೆದ ಭಾನುವಾರ ಸಂಜೆ ಔರಂಗಾಬಾದಿನಿಂದ ಬಂದ ಫೋನಿನಲ್ಲಿ ನನ್ನ ತಂಗಿ ಸುನಂದಾ ಹೇಳಿದ ಮೊದಲ ಮಾತು ಇದು. ಹಲೋ ಇಲ್ಲ, ಚಹಾ ಆಯಿತೇ ಎಂಬ ಉಪಚಾರವಿಲ್ಲ. ಅಷ್ಟು ಹೇಳಿದವಳೇ ಅಳುವುದಕ್ಕೆ ಶುರು ಮಾಡಿದಳು.

ನನಗೆ ಪಿತ್ತ ನೆತ್ತಿಗೇರಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಆ ವಾಚನ್ನು ನಾನು ಎಷ್ಟು ನೋಡಿ, ತಿರುವಿ, ಜಗಳ ಮಾಡಿ ಆರಿಸಿದ್ದೆ ಗೊತ್ತೇ ನಿಮಗೆ? ಮದುವೆಗೆ ಗಂಡು ಹುಡುಕುವವರು ಕೂಡ ಅಷ್ಟು ನೋಡುವುದಿಲ್ಲ.

ಮೊದಲು ಆ ಕಥೆ ಹೇಳಿಬಿಡುತ್ತೇನೆ. ಸಿಟ್ಟು ಆಮೇಲೆ.

ಸುನಂದಾ ಅಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಗಣಿತ ಕಲಿಸುತ್ತಾಳೆ. ಚೆನ್ನಾಗಿ ಕಲಿಸುತ್ತಾಳೆ. (ತಂಗಿ ಅಂತ ಹೇಳುತ್ತಿಲ್ಲ. ಸಂತೆಯಲ್ಲಿ ಎದುರು ಸಿಕ್ಕ ಮಕ್ಕಳು ಅಪ್ಪನ ಕೈ ಬಿಡಿಸಿಕೊಂಡು ಬಂದು ಇವಳಿಗೆ ಮಗ್ಗಿ ಒಪ್ಪಿಸುವುದನ್ನು ಕಣ್ಣಾರೆ ಕಂಡಿದ್ದೇನೆ.) ಆದರೆ ಶಾಲೆಯವರು ಈ ವರ್ಷ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸು ಮಾಡಬೇಕು. ಇಲ್ಲವಾದರೆ ಜೂನ್ ತಿಂಗಳಿಂದ ಕ್ಲಾಸು ಬೇರೆಯವರಿಗೆ. ಸುನಂದಾಗೆ ನರ್ಸರಿಯಲ್ಲಿ ಮಕ್ಕಳ ಮೂಗು ಒರೆಸುವ, ಊಟದ ಡಬ್ಬಿ ಬಿಚ್ಚಿಕೊಡುವ ಕೆಲಸ.

ಪರೀಕ್ಷೆಯ ಹಾಲಿನೊಳಗೆ ಮೊಬೈಲ್ ಬಿಡುವುದಿಲ್ಲ. ಕೈಗಡಿಯಾರ ನಡೆಯುತ್ತದೆ. ಆದರೆ ಅವಳ ಕೈಯಲ್ಲಿದ್ದ ವಾಚು ಎಂದೂ ನೆಟ್ಟಗೆ ನಡೆದದ್ದೇ ಇಲ್ಲ. ಸೆಲ್ ಮುಗಿದಾಗಲೆಲ್ಲ ರಿಪೇರಿಯವನು ಹಿಂದಿನ ಮುಚ್ಚಳ ತೆಗೆಯುತ್ತಾನೆ, ಹೇಗೋ ಒತ್ತಿ ಮುಚ್ಚುತ್ತಾನೆ. ಆ ಸಂದಿಯಿಂದ ನೀರು ಹೋಗಿ ಗಾಜಿನೊಳಗೆ ಮಂಜು ಕಟ್ಟುತ್ತದೆ. ನೀರು ಹೋಗದೆ ಇನ್ನೇನಾಗುತ್ತದೆ? ಪಾತ್ರೆ, ಬಟ್ಟೆ, ಹಿಟ್ಟು, ನೆಲ ಒರೆಸುವುದು. ಸುನಂದಾಳ ಕೈ ನೀರಿನಿಂದ ಮೇಲೆ ಬರುವುದೇ ಅಪರೂಪ.

ಅದಕ್ಕೇ ಸೋಲಾರ್ ವಾಚು ಎಂದು ನಿರ್ಧರಿಸಿದೆ. ಬೆಳಕಿನಿಂದ ಚಾರ್ಜ್ ಆಗುತ್ತದೆ, ಸೆಲ್ಲಿಗಾಗಿ ಪದೇ ಪದೇ ಮುಚ್ಚಳ ಬಿಚ್ಚುವ ರಗಳೆ ಇಲ್ಲ. ಬೆಲೆ ಕೈಗೆಟುಕುವಂತಿರಬೇಕು, ಅಂಕಿ ದೊಡ್ಡದಾಗಿರಬೇಕು, ನೀರಿಗೆ ಹೆದರಬಾರದು, ದಿನಾ ಕಟ್ಟಿಕೊಳ್ಳುವಂತಿರಬೇಕು. ಇಷ್ಟೇ ನನ್ನ ಬೇಡಿಕೆ. ಏನು, ಆಕಾಶ ಕೇಳಿದೆನೇ?

ನಾವಿರುವ ನಾಸಿಕದ ಮೇನ್ ರೋಡಿನ ಅಂಗಡಿಯಾತ ನನ್ನ ಮುಂದೆ ವೆಲ್ವೆಟ್ ಟ್ರೇ ತೆರೆದಿಟ್ಟ. ಬಳೆ ಇದ್ದವು, ಸರಪಳಿ ಇದ್ದವು, ಹೊಳೆಯುವ ಹರಳು ಇದ್ದವು. ನಡುವೆ ಎಲ್ಲೋ ಹುಣಸೆ ಬೀಜದಷ್ಟು ದೊಡ್ಡ ಡಯಲ್ಲು. ಅದರಲ್ಲಿ ಒಂದೂ ಅಂಕಿ ಇಲ್ಲ! ಹನ್ನೆರಡರ ಜಾಗದಲ್ಲಿ ಒಂದು ಹರಳು, ಆರರ ಜಾಗದಲ್ಲಿ ಇನ್ನೊಂದು. ನಡುವಿನದ್ದನ್ನು ಹೆಂಗಸರು ಅಂದಾಜು ಮಾಡಿಕೊಳ್ಳಬೇಕು.

"ಇದರಲ್ಲಿ ಟೈಮ್ ನೋಡುವುದು ಹೇಗೆ?" ಎಂದು ಹಿಂದಿಯಲ್ಲಿ ಕೇಳಿದೆ.

"ಟೈಮ್ ತೋ ಮೊಬೈಲ್ ಮೇ ದೇಖ್ ಲೇತೇ ಹೈ ನಾ ಮ್ಯಾಡಮ್" ಅಂದ. "ಯೇ ತೋ ಶೋ ಕೇ ಲಿಯೇ ಹೈ."

ಟೈಮು ಮೊಬೈಲಿನಲ್ಲಿ ನೋಡಬೇಕಂತೆ, ಇದು ಬರೀ ಶೋಕಿಗಂತೆ! ಅಲ್ಲಾ ಸ್ವಾಮೀ, ಬೆಳಗಿನ ಹಾಲಿನವನಿಂದ ಹಿಡಿದು ಮಕ್ಕಳ ಸ್ಕೂಲ್ ರಿಕ್ಷಾ, ನಲ್ಲಿ ನೀರು, ಕುಕ್ಕರ್, ಗಂಡನ ಫ್ಯಾಕ್ಟರಿ ಬಸ್ಸಿನವರೆಗೆ ಇಡೀ ಮನೆಯನ್ನು ಗಡಿಯಾರದ ಮೇಲೆ ಓಡಿಸುವವಳು ಯಾರು? ಅವಳ ವಾಚಿಗೇ ಅಂಕಿ ಬೇಡವೇ? ಪಕ್ಕದ ಕೌಂಟರಿನಲ್ಲಿ ಗಂಡಸರ ವಾಚು ನೋಡಬೇಕಿತ್ತು ನೀವು. ಅಂಕಿ, ನಿಮಿಷದ ಗೆರೆ, ವಾರ, ತಾರೀಖು, ಕತ್ತಲಲ್ಲಿ ಹೊಳೆಯುವ ಮುಳ್ಳು. ಒಂದರಲ್ಲಂತೂ ಸಮುದ್ರದ ತಳದಲ್ಲಿ ಎಷ್ಟು ಆಳಕ್ಕೆ ಹೋಗಬಹುದು ಎಂದೂ ಬರೆದಿತ್ತು. ನಾಸಿಕದಲ್ಲಿ ಯಾವ ಸಮುದ್ರ? ಗೋದಾವರಿಯಲ್ಲಿ ಮುಳುಗಿ ಟೈಮ್ ನೋಡುವ ಗಂಡಸರು ಎಷ್ಟು ಜನ ಇದ್ದಾರೆ?

ಲೇಡೀಸ್ ವಾಚಿನಲ್ಲಿ ಸೋಲಾರ್ ತೋರಿಸಿ ಅಂದರೆ ಒಬ್ಬ ನಕ್ಕ, ಇನ್ನೊಬ್ಬ "ಬರುವುದಿಲ್ಲ" ಅಂದ, ಮತ್ತೊಬ್ಬ ಕೈಗೆಟುಕದ ಬೆಲೆ ಹೇಳಿದ. ಕೊನೆಗೆ ಗಂಡಸರ ಸಾಲಿನಲ್ಲೇ ಎಲ್ಲಕ್ಕಿಂತ ಸಣ್ಣದೊಂದನ್ನು ಹುಡುಕಿ ತೆಗೆದೆ. ಕರಿ ಡಯಲ್ಲು, ಬಿಳಿ ಅಂಕಿ, ಬಟ್ಟೆಯ ಪಟ್ಟಿ. ಸರಳ, ಗಟ್ಟಿ, ನಮ್ಮಂಥವರ ಬೆಲೆ. "ಸರ್‌ಗಾ ಮ್ಯಾಡಮ್?" ಅಂದ ಅಂಗಡಿಯವ. "ತಂಗಿಗೆ" ಅಂದೆ. ಯಾವುದೋ ಕೆಟ್ಟ ಸುದ್ದಿ ಕೇಳಿದವನ ಹಾಗೆ ಮುಖ ಮಾಡಿದ.

ನಮ್ಮ ಯಜಮಾನರು ಓಝರಿನ ವಿಮಾನ ಕಾರ್ಖಾನೆಯಲ್ಲಿ ಟೆಕ್ನೀಷಿಯನ್. ವಿಮಾನದ ಹತ್ತಿರ ಹೋಗುವವರು ವಾಚು, ಉಂಗುರ ಎಲ್ಲ ಬಿಚ್ಚಿಟ್ಟೇ ಹೋಗಬೇಕು. ಹಾಗಾಗಿ ಅವರಿಗೆ ವಾಚಿನ ಮೇಲೆ ಅಂಥ ಮೋಹವೇನಿಲ್ಲ. "ಒಂದ ವಾಚಿಗೆ ಇಷ್ಟ ಅಂಗಡಿ ತಿರಗೀದಿ" ಅಂದರು. "ನನ್ನ ನೋಡಾಕ ಬಂದಾಗ ನಿಮ್ಮಪ್ಪ ಒಂದ ಮಾತು ಕೇಳಿರಲಿಲ್ಲ."

"ಕೇಳಬೇಕಾಗಿತ್ತು" ಅಂದೆ.

ಚೌತಿಗೆ ಔರಂಗಾಬಾದಿಗೆ ಹೋದಾಗ ಸುನಂದಾಳ ಕೈಗೆ ನಾನೇ ಕಟ್ಟಿದೆ. "ದಿನಾ ಕಟ್ಕೋ. ಇದಕ್ಕ ಬೆಳಕ ಊಟ" ಅಂತ ಹೇಳಿದೆ. ಅವಳು ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಹೂಂ ಅಕ್ಕಾ. ಎಷ್ಟ ಛಂದ ಅಂಕಿ ಕಾಣಿಸ್ತಾವ" ಅಂದಳು. ಆ ಮುಖ ನೋಡಿ ನಾನು ಮೇನ್ ರೋಡನ್ನು ಕ್ಷಮಿಸಿದ್ದೆ.

ಈಗ ಹೇಳಿ. ಅಂಥ ವಾಚು ಅವಳ ಕ್ಲಾಸು ನುಂಗಿತು ಅಂದರೆ ನಾನು ಮನೆಯಲ್ಲಿ ಕೂರುತ್ತೇನೆಯೇ? ಮರುದಿನ ಬೆಳಿಗ್ಗೆ ಸರ್ಕಾರಿ ಲಾಲ್ ಬಸ್ ಹತ್ತಿದೆ. ಯೇವಲಾ, ವೈಜಾಪುರ ದಾಟುವವರೆಗೂ ಅಂಗಡಿಯವನಿಗೆ ಮಾಡಬೇಕಾದ ಭಾಷಣವನ್ನು ಮನಸ್ಸಿನಲ್ಲೇ ಹಿಂದಿಗೆ ತಿರುಗಿಸುತ್ತಾ ಕೂತಿದ್ದೆ. (ಸಿಟ್ಟು ಬಂದಾಗ ನನ್ನ ಹಿಂದಿಯಲ್ಲಿ ಲಿಂಗಭೇದ ಉಳಿಯುವುದಿಲ್ಲ. ಅಂಗಡಿಯೂ ಗಂಡೇ, ಗಡಿಯಾರವೂ ಗಂಡೇ.)

ಮಧ್ಯಾಹ್ನ ಶಾಲೆ ಮುಗಿಸಿ ಬಂದ ಸುನಂದಾ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಳು. ಚಹಾಕ್ಕೆ ಇಟ್ಟು, ಒಲೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು.

ಭಾನುವಾರದ ಪೇಪರು ಕಷ್ಟವೇನೂ ಇರಲಿಲ್ಲವಂತೆ. ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ, ಸರಿಯಾದದ್ದಕ್ಕೆ ಉತ್ತರದ ಹಾಳೆಯಲ್ಲಿ ಗೋಲ ತುಂಬಬೇಕು. ಒಮ್ಮೆ ತುಂಬಿದರೆ ಅಳಿಸುವಂತಿಲ್ಲ. ಅದಕ್ಕೆ ಇವಳು ಮೊದಲು ಪ್ರಶ್ನೆಪತ್ರಿಕೆಯಲ್ಲೇ ಸಣ್ಣ ಸಣ್ಣ ಟಿಕ್ ಹಾಕಿಕೊಂಡು ಹೋಗಿದ್ದಾಳೆ. ಕೊನೆಯ ಅರ್ಧ ಗಂಟೆಯಲ್ಲಿ ಸಮಾಧಾನವಾಗಿ ಎಲ್ಲ ಗೋಲ ತುಂಬಿದರಾಯಿತು ಎಂದು.

"ಹಾಳಿ ಸ್ವಚ್ಛ ಇರ್ಲಿ ಅಂತ" ಅಂದಳು.

ನಡುವೆ ಒಮ್ಮೆ ವಾಚು ನೋಡಿದಾಗ ಸೆಕೆಂಡಿನ ಮುಳ್ಳು ನೆಟ್ಟಗೆ ನಡೆಯುತ್ತಿರಲಿಲ್ಲ. ಎರಡೆರಡು ಗೆರೆ ಒಟ್ಟಿಗೆ ಹಾರಿ ಹಾರಿ ಹೋಗುತ್ತಿತ್ತು. ಅದು ಹಸಿವಿನ ಸೂಚನೆ. ಚಾರ್ಜು ತಳ ಹತ್ತಿದೆ ಎಂದು ಆ ವಾಚು ಹೇಳುವ ರೀತಿಯೇ ಅದು. ಇವಳಿಗೆ ಗೊತ್ತಿಲ್ಲ, ಅನುಮಾನ ಮಾತ್ರ ಬಂದಿದೆ. ಗೋಡೆಯ ಗಡಿಯಾರ ನೋಡೋಣವೆಂದರೆ ಆ ಕೋಣೆಯಲ್ಲಿ ಮೊಳೆ ಇತ್ತು, ಗಡಿಯಾರವಿರಲಿಲ್ಲ. ಎದ್ದು ನಿಂತು ಮೇಲ್ವಿಚಾರಕಿಯನ್ನು ಟೈಮ್ ಕೇಳಿದ್ದಾಳೆ.

"ಹಾತಾತ್ ಘಡ್ಯಾಳ್ ಆಹೇ ನಾ ತುಮಚ್ಯಾ?" ಅಂದಳಂತೆ ಆ ಮಹಾತಾಯಿ. ಕೈಯಲ್ಲೇ ವಾಚಿದೆಯಲ್ಲ, ನೋಡಿಕೊಳ್ಳಿ!

ನಾಲ್ಕು ಜನ ನಕ್ಕರು. ಸುನಂದಾ ಕೂತಳು. ಕೈಯಲ್ಲಿದ್ದದ್ದನ್ನೇ ನಂಬಿದಳು.

ಅರ್ಧ ಗಂಟೆ ಉಳಿದಾಗ ಬೆಲ್ಲು ಹೊಡೆದಿರಲೂಬಹುದು. ಆದರೆ ಪಕ್ಕದ ಮಂಗಲ ಕಾರ್ಯಾಲಯದಲ್ಲಿ ಮದುವೆ, ಬ್ಯಾಂಡಿನವರು ಕಿವಿ ಹರಿಯುವ ಹಾಗೆ ಊದುತ್ತಿದ್ದರು. ಇವಳು ಕೊನೆಯ ಟಿಕ್ ಹಾಕಿ, ವಾಚು ನೋಡಿ, ಇನ್ನೂ ಬೇಕಾದಷ್ಟು ಟೈಮಿದೆ ಎಂದು ಮೊದಲ ಸಾಲಿನ ಗೋಲಗಳನ್ನು ದುಂಡಗೆ, ಅಂಚು ಮೀರದಂತೆ ತುಂಬತೊಡಗಿದ್ದಾಳೆ. ಅಷ್ಟರಲ್ಲಿ ಬಂದು ಹಾಳೆ ಕಿತ್ತುಕೊಂಡರು. ಟೈಮ್ ಮುಗಿದಿತ್ತು. ಮುಳ್ಳು ಯಾವಾಗ ನಿಂತಿತ್ತೋ ದೇವರಿಗೇ ಗೊತ್ತು.

ಉತ್ತರಗಳೆಲ್ಲ ಗೊತ್ತಿದ್ದವು. ಪ್ರಶ್ನೆಪತ್ರಿಕೆಯ ತುಂಬ ಟಿಕ್ ಇದ್ದವು. ಹಾಳೆ ಮಾತ್ರ ಬಹುಪಾಲು ಖಾಲಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ.

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. "ಎಲ್ಲಿ, ಆ ವಾಚು ತಾ ಇಲ್ಲಿ. ಅಂಗಡಿಯವನ ಮಾರಿಗೆ ಒಗೀತೀನಿ" ಅಂದೆ.

ಸುನಂದಾ ಒಳಗೆ ಹೋಗಿ ತಿಜೋರಿ ತೆರೆದಳು. ತಿಜೋರಿ ಎಂದರೆ ಬ್ಯಾಂಕಿನದ್ದಲ್ಲ, ಬಟ್ಟೆ ಇಡುವ ಸ್ಟೀಲ್ ಕಪಾಟು, ನಮ್ಮ ಕಡೆ ಹಾಗೆ ಅನ್ನುತ್ತಾರೆ. ಅದರೊಳಗೆ ಒಂದು ಸಣ್ಣ ಲಾಕರ್. ಅದಕ್ಕೆ ಬೇರೆ ಕೀಲಿಕೈ. ಅದರೊಳಗೆ ಕುಪ್ಪಸದ ರೇಷ್ಮೆ ಖಣದ ತುಂಡು. ಖಣದೊಳಗೆ ಡಬ್ಬಿ. ಡಬ್ಬಿಯೊಳಗೆ ವಾಚು. ಪಟ್ಟಿಯ ಮೇಲೆ ಒಂದು ಬೊಟ್ಟು ಕುಂಕುಮ.

ಆ ಕುಂಕುಮದ ಬೊಟ್ಟನ್ನು ಬೆರಳಿನಿಂದ ಮುಟ್ಟಿ ನೋಡಿದೆ.

"ಸುನಂದಾ, ಇದನ್ನ ಯಾವಾಗಿಂದ ಇಲ್ಲಿಟ್ಟೀದಿ?"

"ನೀ ಕೊಟ್ಟಾಗಿಂದ."

"ದಿನಾ ಕಟ್ಕೋ ಅಂದಿದ್ನಲ್ಲ?"

"ಇಷ್ಟ ಛೊಲೋ ವಾಚು ಭಾಂಡಿ ತಿಕ್ಕೂವಾಗ ಹ್ಯಾಂಗ ಕಟ್ಕೊಳ್ಳಲಿ ಅಕ್ಕಾ? ಗೆರಿ ಬೀಳ್ತಾವ. ಪರೀಕ್ಷಾಕ್ಕ ಹೊಸಾದು ಕಟ್ಕೊಂಡ ಹೋಗೂಣು ಅಂತ ಇಟ್ಟಿದ್ದೆ. ಅವತ್ತ ಮುಂಜಾನೆ ದೇವರ ಮುಂದ ಇಟ್ಟು ಪೂಜಾ ಮಾಡಿ ಕಟ್ಕೊಂಡೆ. ನಿಂತಿತ್ತು. ಕಿಡಕಿ ಹತ್ರ ಹಿಡದ ಕೂಡ್ಲೆ ಚಾಲೂ ಆತು! ಟೀವಿ ನೋಡಿ ಟೈಮ್ ಸೆಟ್ ಮಾಡ್ಕೊಂಡೆ. ಕ್ಯಾಲ್ಕುಲೇಟರ್ ಇರ್ತದಲ್ಲ, ಬೆಳಕಿಗೆ ತಂದ್ರ ನಡೀತದ, ಹಂಗ ಅಂತ ತಿಳಕೊಂಡಿದ್ದೆ."

ತಪ್ಪೆಂದು ಹೇಗೆ ಹೇಳಲಿ? ಶಾಲೆಯಲ್ಲಿ ಅವಳು ಕಂಡ ಸೋಲಾರ್ ಎಂದರೆ ಆ ಕ್ಯಾಲ್ಕುಲೇಟರೇ. ಬೆಳಕು ಬಿದ್ದರೆ ಅಂಕಿ ಮೂಡುತ್ತದೆ. ವಾಚಿನ ಹೊಟ್ಟೆ ಬೇರೆ. ತಿಂಗಳುಗಟ್ಟಲೆ ಕತ್ತಲಲ್ಲಿ ಉಪವಾಸವಿದ್ದದ್ದು ಕಿಟಕಿಯ ಬೆಳಕು ಕಂಡು ಎದ್ದು ನಾಲ್ಕು ಹೆಜ್ಜೆ ಹಾಕಿತು, ಪರೀಕ್ಷೆಯ ಹಾಲಿನ ಮಂಕು ಟ್ಯೂಬ್‌ಲೈಟಿನಲ್ಲಿ ಬಿತ್ತು. ಪಾಪ, ಅದು ಎಚ್ಚರಿಕೆಯನ್ನೂ ಕೊಟ್ಟಿತ್ತು.

ಆದರೆ ಗೆರೆ ಬೀಳುತ್ತದೆ ಎಂದು ಎತ್ತಿಡುವುದಿದೆಯಲ್ಲ, ಅದಕ್ಕೇನು ಹೇಳೋಣ? ಹಾಳೆ ಸ್ವಚ್ಛವಾಗಿರಲೆಂದು ಗೋಲಗಳನ್ನು ಕೊನೆಗೆ ಇಟ್ಟುಕೊಂಡಳಲ್ಲ, ಅದೂ ಇದೇ ರೋಗ!

ಆ ಕಪಾಟಿನಲ್ಲಿ ಇನ್ನೇನಿತ್ತು ಕೇಳಿ. ಅವಳ ಮದುವೆಯಲ್ಲಿ ನಮ್ಮ ಸೋದರತ್ತೆ ಕೊಟ್ಟ ಟೀ ಸೆಟ್ಟು, ಒಮ್ಮೆಯೂ ಚಹಾ ಕಂಡಿಲ್ಲ. ಮನೆಯವರು ಅಂಚು ಒಡೆದ ಕಪ್ಪಿನಲ್ಲಿ ಕುಡಿಯುತ್ತಾರೆ. ಪ್ಲಾಸ್ಟಿಕ್ ಬಿಚ್ಚದ ಹಾಸಿಗೆ ಚಾದರ. ಸೀಲು ಒಡೆಯದ ಸೆಂಟಿನ ಬಾಟಲಿ, ಹಾಗೇ ಆರಿ ಅರ್ಧವಾಗಿದೆ. ಕೆಳಗೆ ಮಲ್ಲು ಬಟ್ಟೆಯಲ್ಲಿ ಸುತ್ತಿದ ಪೈಠಣಿ ಸೀರೆ, ತೀರಿಹೋದ ಅವಳ ಅತ್ತೆಯದು. ಪೈಠಣಕ್ಕೇ ಹೋಗಿ ಮಗ್ಗದ ಮುಂದೆ ಕೂತು ನೇಯಿಸಿಕೊಂಡು ಬಂದದ್ದಂತೆ. ನಾನು ಬಿಚ್ಚಿದೆ. ಮಡಿಕೆ ಮಡಿಕೆಗೂ ಸೀಳಿಹೋಗಿತ್ತು. ಉಟ್ಟು ಹರಿದದ್ದಲ್ಲ, ಇಟ್ಟು ಹರಿದದ್ದು. ಆ ಹೆಂಗಸು ಅದನ್ನು ಉಟ್ಟ ಒಂದು ಫೋಟೋ ಕೂಡ ಮನೆಯಲ್ಲಿಲ್ಲ.

ಸುನಂದಾಳ ಮಗಳು ಸಾನಿಕಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೆ ನಮ್ಮ ಕನ್ನಡ ಪೂರಾ ತಿಳಿಯುತ್ತದೆ, ಬಾಯಿಗೆ ಮಾತ್ರ ಮರಾಠಿಯೇ ಬರುತ್ತದೆ. "ಮಾವಶೀ, ಮಾಝಾ ಪಿಂಕ್ ಫ್ರಾಕ್ ಪಣ್ ಆಯಿನೇ ಅಸಾಚ್ ಠೇವಲಾ ಹೋತಾ" ಅಂದಳು. ದೊಡ್ಡಮ್ಮಾ, ನನ್ನ ಗುಲಾಬಿ ಫ್ರಾಕನ್ನೂ ಅಮ್ಮ ಹೀಗೇ ಎತ್ತಿಟ್ಟಿದ್ದಳು. "ಆತಾ ಬಸತ್ ನಾಹೀ." ಈಗ ಮೈಗೆ ಆಗುವುದಿಲ್ಲ.

ಸುನಂದಾ ತಲೆ ತಗ್ಗಿಸಿದಳು. ಅವಳ ಮೇಲೆ ಸಿಟ್ಟು ಮಾಡಿ ಏನು ಮಾಡಲಿ? ಒಳ್ಳೆಯ ತಟ್ಟೆ ಬಂದವರಿಗೆ, ಸೊಟ್ಟ ತಟ್ಟೆ ನಮಗೆ. ದಪ್ಪ ಕೆನೆ ಅಣ್ಣನಿಗೆ, ಬಟ್ಟಲು ಕೆರೆದದ್ದು ನಮಗೆ. ಹೀಗೆ ಬೆಳೆದವಳ ಕೈಗೆ ಒಂದು ಒಳ್ಳೆಯ ವಸ್ತು ಕೊಟ್ಟರೆ ಅದು ತನ್ನದೆಂದು ಅವಳಿಗೆ ಅನ್ನಿಸಬೇಕಲ್ಲ? ದಿನಾ ಮಾಡುವ ಕೆಲಸ ಒಳ್ಳೆಯ ವಾಚಿಗೆ ತಕ್ಕದ್ದಲ್ಲ ಎಂದು ಅವಳಿಗೆ ಹೇಳಿಕೊಟ್ಟವರು ನಾವೆಲ್ಲರೂ.

ಸಂಜೆ ಅವಳ ಗಂಡ ರಮೇಶ ಕೆಲಸದಿಂದ ಬಂದರು. ಊರ ಹೊರಗೆ ಬಿಡಕಿನ್ ಕಡೆ ಏಳುತ್ತಿರುವ ಹೊಸ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಗದ್ದಲವಿಲ್ಲದ ಮನುಷ್ಯ, ಹೆಂಡತಿಗೆ ಒಂದು ದಿನವೂ ಜೋರು ಮಾಡಿದವರಲ್ಲ. ಅವರ ಕೈಯಲ್ಲೂ ಒಂದು ವಾಚಿತ್ತು. ಗಾಜಿನ ತುಂಬ ಗೆರೆ, ಪಟ್ಟಿಯಲ್ಲಿ ಗ್ರೀಸು. ದಿನಾ ಕಟ್ಟುತ್ತಾರೆ, ದಿನಾ ನಡೆಯುತ್ತದೆ. ಯಾರೂ ಅದನ್ನು ಖಣದಲ್ಲಿ ಸುತ್ತಿಲ್ಲ.

ಎಲ್ಲ ಕೇಳಿ ಅವರು ಬಹಳ ಮರ್ಯಾದೆಯಿಂದ ಅಂದರು: "ಹೋಗ್ಲಿ ಬಿಡ್ರಿ ಅಕ್ಕಾರ. ಟೆನ್ಶನ್ ಯಾಕ? ಮನಿ ನಡದದಲ್ಲ. ಆಕಿ ನೌಕರಿ ಮಾಡ್ಲೇಬೇಕಂತ ಏನ್ ಜರೂರತ್ ಅದ?"

ಓದುಗರೇ, ಜೋರು ಮಾಡುವವರ ಜೊತೆ ಜಗಳವಾಡಬಹುದು. "ಹೋಗ್ಲಿ ಬಿಡ್ರಿ" ಅನ್ನುವವರ ಜೊತೆ ಏನು ಮಾಡುತ್ತೀರಿ? ಒಂದು ಮೆತ್ತನೆಯ ಮಾತಿನಲ್ಲಿ ಅವಳ ಓದು, ಅವಳ ಕ್ಲಾಸು, ಸಂತೆಯಲ್ಲಿ ಮಗ್ಗಿ ಒಪ್ಪಿಸುವ ಆ ಮಕ್ಕಳು ಎಲ್ಲ ಹೋದವು. ಅಡಿಗೆ ಮುಗಿಸಿ ಊಟದ ಟೇಬಲ್ ಮೇಲೆ ಪುಸ್ತಕ ಹರಡಿಕೊಂಡು ಓದಿದ್ದಳಲ್ಲ, ಅದು ಜರೂರತ್ ಇಲ್ಲದ ಕೆಲಸವಂತೆ!

"ಜರೂರತ್ ಅದ ರಮೇಶ ಅವರ" ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿತು. "ನಾಳಿಂದ ನಿಮ್ಮ ಸೂಪರ್‌ವೈಸರ್ ಕೆಲಸ ತಗದು ಗೇಟಿನಾಗ ನಿಂದ್ರಸ್ತೀವಿ ಅಂದ್ರ ಹೋಗ್ಲಿ ಬಿಡ್ರಿ ಅಂತೀರೇನು?"

ಅವರು ಗಾಬರಿಯಾಗಿ ಹೆಂಡತಿಯ ಮುಖ ನೋಡಿದರು. ಅವಳು ಚಹಾದ ಕಪ್ಪು ಅವರ ಮುಂದೆ ಇಡುವಾಗ ಸ್ವಲ್ಪ ಸಪ್ಪಳವಾಯಿತು. ರಮೇಶ ಸಮಾಧಾನ ಮಾಡುವ ಹಾಗೆ ವಾಚು ಕೈಗೆತ್ತಿಕೊಂಡು, ಕರ್ಚೀಫಿನಿಂದ ಪ್ರೀತಿಯಿಂದ ಒರೆಸಿ, ಮತ್ತೆ ಡಬ್ಬಿಯಲ್ಲಿಟ್ಟರು.

"ಮುಂದಿನ ಸಲದ ಪರೀಕ್ಷಾಕ್ಕ ಇರ್ಲಿ" ಅಂದರು.

ನಾನು ಏನಾದರೂ ಅನ್ನುವ ಮೊದಲೇ ಸುನಂದಾ ರೊಟ್ಟಿಯ ಹಿಟ್ಟು ನಾದುವುದನ್ನು ಬಿಟ್ಟು ಬಂದು ಆ ಡಬ್ಬಿ ಕಸಿದುಕೊಂಡಳು. ಹಿಟ್ಟು ಮೆತ್ತಿದ ಕೈಯಿಂದಲೇ ವಾಚು ತೆಗೆದಳು, ಕಟ್ಟಿಕೊಂಡಳು. ಹೋಗಿ ಭಕ್ರಿ ಬಡಿಯತೊಡಗಿದಳು. ಆ ದಿನದ ಭಕ್ರಿಯ ಸಪ್ಪಳ ಪಕ್ಕದ ಮನೆಗೂ ಕೇಳಿರಬೇಕು.

ಮರುದಿನ ಬೆಳಿಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಬಂದಳು. "ಇವತ್ತ ಹೆಡ್‌ಮೇಡಮ್‌ಗೆ ಹೇಳ್ತೀನಿ ಅಕ್ಕಾ. ಇನ್ನೊಂದ ಸಲ ಬರೀತೀನಿ, ಅಲ್ಲೀತನಕ ನನ್ನ ಕ್ಲಾಸು ತಗೀಬ್ಯಾಡ್ರಿ ಅಂತ" ಅಂದಳು. "ಅವರು ಒಪ್ಪದಿದ್ದರ?" ಅಂದೆ. "ಒಪ್ಪೋತನಕ ಅಲ್ಲೇ ನಿಂದ್ರತೀನಿ." ನನ್ನ ತಂಗಿ ಹೀಗೆ ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ.

ಬಸ್ಸು ಹತ್ತಿ ಕಿಟಕಿಯಲ್ಲಿ ಕೂತೆ. ಕೆಳಗೆ ಬಿಸಿಲಲ್ಲಿ ನಿಂತಿದ್ದಳು ಸುನಂದಾ. ಬಸ್ಸು ಚಾಲೂ ಆಗುವ ಹೊತ್ತಿಗೆ ನೋಡುತ್ತೇನೆ, ಸೆರಗಿನ ತುದಿ ಎಳೆದು ವಾಚಿನ ಮೇಲೆ ಮುಚ್ಚಿಕೊಂಡಿದ್ದಾಳೆ!

"ಏನ ಅದು?" ಅಂದೆ.

"ಬಿಸಲ ಭಾಳ ಅದ ಅಕ್ಕಾ. ಬಣ್ಣಾ ಕೆಟ್ಟೀತು ಅಂತ..."

"ತಗಿ ಆ ಸೆರಗು!" ಎಂದು ಕಿಟಕಿಯಿಂದ ಅರ್ಧ ಹೊರಗೆ ಬಂದು ಕಿರುಚಿದೆ. ಇಡೀ ಬಸ್‌ಸ್ಟ್ಯಾಂಡು ತಿರುಗಿ ನೋಡಿತು. (ಸದ್ಯ, ಅಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ.) ಅವಳು ನಾಲಿಗೆ ಕಚ್ಚಿಕೊಂಡು ಸೆರಗು ಬಿಟ್ಟಳು. ಬಸ್ಸು ತಿರುವು ದಾಟುವವರೆಗೂ ಆ ಕೈಯನ್ನು ಬಿಸಿಲಿಗೆ ಎತ್ತಿ ಹಿಡಿದೇ ನಿಂತಿದ್ದಳು.

ಬಿಸಿಲಿಗೆ ಬಂದರೆ ಕೆಟ್ಟುಹೋಗುತ್ತೀರಿ ಎಂದು ನಮ್ಮ ಹೆಣ್ಣುಮಕ್ಕಳಿಗೆ ಮೊದಲು ಹೇಳಿಕೊಟ್ಟ ಆ ಮಹಾಶಯ ಯಾರು, ಒಮ್ಮೆ ನನ್ನ ಕೈಗೆ ಸಿಗಲಿ!